ಕೌದಿಯ ತುತ್ತು

"ಬಿಚ್ಚಬೇ! ಎಲ್ಲಾ ಮೂಲಿ ಬಿಚ್ಚು ಅಂದ್ನಿ. ಹನ್ನೊಂದ ಹೊಡಿಯೂದ್ರಾಗ ಒಂದು ಕೌದಿಯೊಳಗೂ ರೊಟ್ಟಿ ಚೂರು ಉಳೀಬಾರ್ದು. ಕೇರಿ ಕೂಳು ಒಳಗ ಹೊಲದು ತಂದು ದೊಡ್ಡಮಂದಿ ಮೈಮ್ಯಾಲ ಹೊಚ್ಚಾವರೇನ? ನಾಚಿಕಿ ಇಲ್ಲೇನ ರಂಡೇರ ನಿಮಗ?"

ಮಲ್ಲೇಶ ಧಣಿ ಕೂಗಾಡುತ್ತಿದ್ದದ್ದು ಗೋಕಾಕದ ಕಲ್ಯಾಣಮಂಟಪದ ಹಿತ್ತಲಲ್ಲಿ, ನೀರಿನ ಟಾಕಿಯ ಪಕ್ಕ. ಮುಂಬಾಗಿಲಿನ ದೊಡ್ಡ ಬ್ಯಾನರಿನಲ್ಲಿ 'ಹಳ್ಳಿಯ ವಿಚಾರ, ಜಗತ್ತಿನ ಬಜಾರ: ಎರಡು ದಿನಗಳ ಸಮ್ಮೇಳನ' ಎಂದು ಬರೆದಿತ್ತು. ಬರಹದ ಪಕ್ಕದಲ್ಲಿ ಆಳೆತ್ತರದ ಒಂದು ಮುಖ ನಗುತ್ತಿತ್ತು. ಅದು ಗುಡ್ಡವ್ವನ ಮುಖ. ಆ ಮುಖದವಳು ಹಿತ್ತಲಲ್ಲಿ ನೆಲಕ್ಕೆ ಕೂತು, ಸೂಜಿಯ ತುದಿಯಿಂದ ತಾನೇ ಹಾಕಿದ ಹೊಲಿಗೆಯನ್ನು ಎಬ್ಬಿಸುತ್ತಿದ್ದಳು.

"ಧಣ್ಯಾರ, ಖಾಲಿ ಕೌದಿ ಕೊಡಬಾರ್ದ್ರಿ. ಹಸದ ಕೌದಿ ಹೊಚಗೊಂಡವರಿಗೆ ನಿದ್ದಿ ಹತ್ತೂದಿಲ್ಲ," ಎಂದಳು ಗುಡ್ಡವ್ವ, ತಲೆ ಎತ್ತದೆ.

"ಇವತ್ತ ಧಣಿ ಅನಬ್ಯಾಡ್ರಿ, ಸರ್ ಅನ್ರಿ ಅಂತ ಎಷ್ಟ ಸಲ ಹೇಳ್ಲಿ? ಪ್ಯಾಟಿ ಮಂದಿ ಬಂದಾರ."

"ಆತ್ರಿ ಸರ್ ಧಣ್ಯಾರ," ಎಂದಳು ಪಕ್ಕದಲ್ಲಿ ಕೂತಿದ್ದ ಸುಂದ್ರವ್ವ. ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡರು. ಧಣಿ ಅವಳನ್ನು ದುರುಗುಟ್ಟಿ ನೋಡಿ ಒಳಗೆ ಹೋದ.

"ಇವನ ಬಾಯಾಗ ಮಣ್ಣ ಹಾಕ್ಲಿ, ಭಾಡ್ಯಾ," ಎಂದು ಸುಂದ್ರವ್ವ ಉಗುಳಿದಳು.

ನಾಗನೂರಿನ ಕೇರಿಯಿಂದ ಹತ್ತು ಮಂದಿ ಹೆಂಗಸರು ಬೆಳಿಗ್ಗೆ ಟಂಟಂ ಹತ್ತಿ ಬಂದಿದ್ದರು. ವರ್ಷದ ಒಂಬತ್ತು ತಿಂಗಳು ಧಣಿಯ ಕಬ್ಬಿನಲ್ಲಿ ಕಸ ತೆಗೆಯುವವರು. ಉಳಿದ ಹೊತ್ತು ಹಳೆಯ ಸೀರೆ ಪದರು ಮಾಡಿ ಕೌದಿ ಹೊಲಿಯುವವರು. ಕೇರಿಯ ಕೌದಿಗೆ ಒಂದು ರೀತಿ ಇತ್ತು. ಮೂರು ಮೂಲೆ ಮುಚ್ಚಿ ನಾಲ್ಕನೆಯದನ್ನು ತೆರೆದಿಡಬೇಕು. ಯಾರಿಗಾದರೂ ಕೈಯಾರೆ ಕೊಡುವಾಗ ಒಂದು ರೊಟ್ಟಿ ಮುರಿಯಬೇಕು. ಅದರಲ್ಲಿ ಕೊಡುವವಳು ಒಂದು ಚೂರು ತಿಂದು, ತೆಗೆದುಕೊಳ್ಳುವವರು ಒಂದು ಚೂರು ತಿಂದು, ಮೂರನೆಯ ಚೂರನ್ನು ತೆರೆದ ಮೂಲೆಯಲ್ಲಿಟ್ಟು ಹೊಲಿಗೆ ಹಾಕಬೇಕು. ಅದು ಕೌದಿಯ ತುತ್ತು. ಮಾರುವ ಕೌದಿಯಾದರೆ ತೆಗೆದುಕೊಳ್ಳುವವರು ಯಾರೆಂದು ಗೊತ್ತಿರುವುದಿಲ್ಲವಲ್ಲ, ಅವರ ಪಾಲಿನ ಚೂರನ್ನು ಹೊಲಿದವಳೇ ತಿಂದು ಮೂಲೆ ಮುಚ್ಚುತ್ತಿದ್ದಳು.

ಗುಡ್ಡವ್ವ ಇದನ್ನು ಹೇಳಿದ್ದು ಮೇಘಾಗೆ. ಮೂಡಲಗಿಯ ಹುಡುಗಿ, ಕಾಲೇಜು ಓದಿದವಳು, ಧಣಿಯ ಪ್ರತಿಷ್ಠಾನದಲ್ಲಿ ಕಂಪ್ಯೂಟರ್ ಕೆಲಸ. ದೀಪಾವಳಿಯ ಮುಂದೆ ಕ್ಯಾಮೆರಾ ಹಿಡಿದು ಕೇರಿಗೆ ಬಂದಿದ್ದಳು. ಕಟ್ಟೆಯ ಮೇಲೆ ಕೂತು, "ಅತ್ತಿ, ಹೇಳ್ರಿ, ಇನ್ನೂ ಹೇಳ್ರಿ," ಎಂದು ಕಣ್ಣು ಅಗಲಿಸಿ ಕೇಳಿದ್ದಳು. ಯಾರೂ ಹಾಗೆ ಕೇಳಿದ್ದೇ ಇಲ್ಲ. ಗುಡ್ಡವ್ವನಿಗೆ ಎದೆ ಹಗುರಾಗಿ, ಅತ್ತೆ ತನಗೆ ಒಲೆಯ ಮುಂದೆ ಹೇಳಿಕೊಟ್ಟದ್ದನ್ನೆಲ್ಲ ಹೇಳಿಬಿಟ್ಟಿದ್ದಳು. ಚಹಾ ಕೊಡಲು ಹೋದಾಗ ಮಾತ್ರ ಹುಡುಗಿ, "ಈಗಷ್ಟಽ ಕುಡದ ಬಂದೇನ್ರಿ," ಎಂದಿದ್ದಳು. ಲೋಟದಲ್ಲಿ ಆರಿದ ಆ ಚಹಾವನ್ನು ಗುಡ್ಡವ್ವ ಆಮೇಲೆ ಒಬ್ಬಳೇ ಕುಡಿದಿದ್ದಳು.

ಹನ್ನೊಂದು ಹೊಡೆಯುವ ಹೊತ್ತಿಗೆ ಮೂವತ್ತೆರಡು ಕೌದಿಗಳ ಹೊಟ್ಟೆ ಖಾಲಿಯಾಗಿತ್ತು. ಒಣಗಿದ ಚೂರುಗಳನ್ನು ಗುಡ್ಡವ್ವ ಎಸೆಯಲಿಲ್ಲ. ಉಡಿಗೆ ಹಾಕಿಕೊಂಡಳು.

ಆಮೇಲೆ ಅವಳನ್ನು ವೇದಿಕೆಯ ಮೂಲೆಯಲ್ಲಿ ಚಾಪೆ ಹಾಸಿ ಕೂರಿಸಿದರು. ಎರಡು ದಿನವೂ ಮಂದಿ ಭಾಷಣ ಮಾಡುವಾಗ ಅವಳು ಅಲ್ಲಿ ಕೂತು ಹೊಲಿಯುತ್ತಿರಬೇಕು, ಮಾತಾಡಬಾರದು. ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರದಿಂದ ಬಂದವರು ಕೊರಳಿಗೆ ಹೆಸರಿನ ಚೀಟಿ ಹಾಕಿಕೊಂಡು ಕೂತಿದ್ದರು. ಗುಡ್ಡವ್ವನ ಕೊರಳಿಗೂ ಒಂದು ಚೀಟಿ ಹಾಕಿದ್ದರು. ಅದರಲ್ಲಿ ಹೆಸರಿರಲಿಲ್ಲ, 'ಕುಶಲಕರ್ಮಿ' ಎಂದಷ್ಟೇ ಇತ್ತು.

ಪುಣೆಯ ಸಾಹೇಬ ಎದ್ದು ನಿಂತ. ಮೂಲ ನಿಪ್ಪಾಣಿಯವನು, ಪುಣೆಯಲ್ಲಿ ಜಾಹೀರಾತಿನ ಕಂಪನಿ ಇಟ್ಟವನು, ಸಮ್ಮೇಳನದ ದೊಡ್ಡ ಅತಿಥಿ.

"ಮಾಲು ಮಾರೂ ಕಾಲ ಮುಗೀತ್ರಿ," ಎಂದ. "ಇದು ಕಥಿ ಮಾರೂ ಕಾಲ. ನಾಳಿ ಬಜಾರ ಅಂಗಡಿಯೊಳಗ ಇರೂದಿಲ್ಲ, ಆರ್ಕುಟ್‌ದಾಗ ಇರ್ತೈತಿ, ಫೇಸ್‌ಬುಕ್‌ದಾಗ ಇರ್ತೈತಿ. ನೋಡ್ರಿ, ಮೇಘಾ ಬರದ ಈ ಕೌದಿ ಕಥಿ ನಾಕ ದಿನದಾಗ ಎರಡ ಸಾವಿರ ಮಂದಿ ಓದ್ಯಾರ. ಅಮೆರಿಕಾದಿಂದ ಸುದ್ದಾ!"

ಹಿಂದಿನ ಬಿಳಿ ಪರದೆಯ ಮೇಲೆ ಗುಡ್ಡವ್ವನ ಕೈಗಳು ಕಂಡವು. ಉಗುರಿನ ಸಂದಿಯ ಕಬ್ಬಿನ ಹೊಲದ ಮಣ್ಣು ಸಹ ಕಾಣುವಷ್ಟು ದೊಡ್ಡದಾಗಿ. ಕೆಳಗೆ ಅಕ್ಷರ ಮೂಡಿದವು. ಸಾಹೇಬ ಓದಿದ: "ಒಂದು ಕೌದಿ, ಒಂದು ತುತ್ತು. ನಾವೆಲ್ಲಾ ಒಂದೇ ಪಂಕ್ತಿ!"

ಮಂದಿ ಚಪ್ಪಾಳೆ ತಟ್ಟಿದರು. ಗುಡ್ಡವ್ವ ತನ್ನ ಉಡಿ ಮುಟ್ಟಿ ನೋಡಿಕೊಂಡಳು. ಬಿಚ್ಚಿ ತೆಗೆದ ಪಂಕ್ತಿಯೆಲ್ಲ ಅಲ್ಲಿತ್ತು. ಅತ್ತೆ ಸಾಯುವ ಮುಂದೆ ಕೂಡ ಕೌದಿಯ ತುತ್ತಿನ ಮಾತನ್ನು ಕಿವಿಯಲ್ಲಿ ಹೇಳಿದ್ದಳು, ದೇವರ ಹೆಸರು ಹೇಳಿದ ಹಾಗೆ. ಈಗ ಅದು ಗೋಡೆಯ ಮೇಲೆ ಬೆಳಕಾಗಿ ಕುಣಿಯುತ್ತಿತ್ತು. ಮನೆಯ ಒಲೆಯನ್ನು ಯಾರೋ ಎತ್ತಿ ಸಂತೆಯ ನಡುವೆ ಇಟ್ಟ ಹಾಗಾಯಿತು ಅವಳಿಗೆ. ಇಟ್ಟವಳು ತಾನೇ ಅಲ್ಲವೇ ಎಂದೂ ಅನ್ನಿಸಿತು.

ಮಧ್ಯಾಹ್ನ ಊಟಕ್ಕೆ ಕರೆದರು. ಗೋದಿಹುಗ್ಗಿ, ಎಣ್ಣೆಗಾಯಿ, ಖಡಕ್ ರೊಟ್ಟಿ. 'ಎಲ್ಲರೂ ಬರ್ರಿ' ಎಂದು ಮೈಕಿನಲ್ಲಿ ಹೇಳಿದ್ದರಿಂದ ಸುಂದ್ರವ್ವ ಸ್ಟೀಲಿನ ತಾಟು ಹಿಡಿದು ಸಾಲಿನಲ್ಲಿ ನಿಂತಳು. ಬಡಿಸುವವನು ಸೌಟು ಎತ್ತಿ ಹಿಡಿದ.

"ಏ ಯವ್ವಾ, ತಾಟು ಅಲ್ಲಿಡು. ನಿಮ್ಮದು ಹಿಂದ ಐತಿ. ಇವರದಾದಮ್ಯಾಲೆ."

"ಯಾಕಪಾ? ಮೈಕಿನ್ಯಾಗ ಎಲ್ಲಾರೂ ಅಂದ್ರಲಾ?"

"ಎಲ್ಲಾರೂ ಅಂದ್ರ ನಿಮಗ ತಿಳೀಬಾರ್ದಾ?"

ಸಾಲಿನಲ್ಲಿದ್ದವರು ಕೇಳಿಸಿಕೊಂಡರು. ಒಬ್ಬ ತನ್ನ ಫೋನು ನೋಡಿದ. ಒಬ್ಬಳು ಎಣ್ಣೆಗಾಯಿ ಚೆನ್ನಾಗಿದೆಯೇ ಎಂದು ಮುಂದಿನವಳನ್ನು ಕೇಳಿದಳು. ಸುಂದ್ರವ್ವ ಇಟ್ಟ ತಾಟನ್ನು ಬಡಿಸುವವನು ಕಾಲಿನಿಂದ ಮೇಜಿನ ಕೆಳಕ್ಕೆ ಸರಿಸಿದ.

ಮೂರು ಗಂಟೆಗೆ ಹಿತ್ತಲಲ್ಲಿ, ಎಲೆಯ ಮೇಲೆ, ತಳ ಹತ್ತಿದ ಹುಗ್ಗಿ ಬಂತು. ಅದಕ್ಕೂ ಮೊದಲು ಇನ್ನೂರು ಮಂದಿಯ ತಾಟು ಎತ್ತುವ ಕೆಲಸ ಬಂದಿತ್ತು. "ಎತ್ತಾಕ ಬ್ಯಾರೆ ಆಳು ಹಚ್ಚಿಲ್ಲ, ನೀವಽ ಅದೀರಲಾ," ಎಂದಿದ್ದ ಧಣಿ.

"ನಿನ್ನ ಮಾರಿ ಮುಂದಿನ ಬಾಗಲದಾಗ ಐತಿ, ಹೊಟ್ಟಿ ಹಿತ್ತಲದಾಗ ಐತಿ," ಎಂದಳು ಸುಂದ್ರವ್ವ ಹುಗ್ಗಿ ಕೆದರುತ್ತಾ. "ನಡಾ ಎಲ್ಲಿ ಐತಿ ಹುಡುಕ್ಕೋ ಯಕ್ಕಾ. ಅದನ್ನೂ ಮಾರಿರಬೇಕು."

ಗುಡ್ಡವ್ವ ನಗಲಿಲ್ಲ. ಅವಳ ಕಣ್ಣು ಸಭಾಂಗಣದ ಕಿಟಕಿಯಲ್ಲಿತ್ತು. ಒಳಗೆ ಪುಣೆಯ ಸಾಹೇಬ ಒಂದು ಕೌದಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡುತ್ತಿದ್ದ.

ಅದು ಮಾರುವುದಲ್ಲ. ಮಗಳು ಶೈಲಾ ದಡ್ಡಿ ಎಂಬ ಊರಲ್ಲಿ, ಗಂಡನ ಮನೆಯಲ್ಲಿ, ದಿನ ತುಂಬಿ ಕೂತಿದ್ದಳು. ಹುಟ್ಟುವ ಕೂಸನ್ನು ಮಲಗಿಸಲು ಹೊಲಿದ ಕೌದಿ ಅದು. ಗುಡ್ಡವ್ವನ ತಾಯಿಯ ಸೀರೆ ಅಡಿಗೆ, ಅತ್ತೆಯದು ನಡುವೆ, ಮೇಲೆ ಶೈಲಾ ಏಳನೆಯ ಇಯತ್ತೆಯಲ್ಲಿ ಉಟ್ಟ ಲಂಗ. ನಾಲ್ಕನೆಯ ಮೂಲೆ ಇನ್ನೂ ತೆರೆದಿತ್ತು, ಮಗಳು ರೊಟ್ಟಿ ಮುರಿಯಲಿ ಎಂದು. ಬರೀ ಫೋಟೋಕ್ಕೆ, ಸಂಜೆಗೆ ಒಯ್ಯಿರಿ, ಎಂದು ಮೇಘಾ ತರಿಸಿಕೊಂಡಿದ್ದಳು.

ಗುಡ್ಡವ್ವ ಕೈ ತೊಳೆಯದೆ ಓಡಿದಳು.

"ಧಣ್ಯಾರ, ಅದು ನಮ್ಮ ಮನೀದ್ರಿ. ಮಗಳ ಬಾಣಂತನಕ್ಕ ಹೊಲದದ್ದು."

"ಹೇಳ್ಯಾಳ ಮೇಘಾ. ಸಾಹೇಬರ ಮನಸಿಗೆ ಇದಽ ಬಂದೈತಿ. ನಾಳಿ ಕಡೀ ಕಾರ್ಯಕ್ರಮದಾಗ ಇದನ್ನ ಅವರಿಗೆ ಹೊಚ್ಚೂದು. ನೀನಽ ಹೊಚ್ಚು. ಫೋಟೋ ಚೊಲೋ ಬರ್ತೈತಿ."

"ಬ್ಯಾರೆ ಮೂವತ್ತೆರಡ ಅದಾವ್ರಿ."

"ಮಗಳಿಗೆ ಬ್ಯಾರೆ ಹೊಲಿ."

"ನಮ್ಮವ್ವ ಸತ್ತ ಹನ್ನೆರಡ ವರ್ಷ ಆತ್ರಿ. ಆಕಿ ಸೀರಿ ಇನ್ನೊಂದ ಎಲ್ಲಿಂದ ತರ್ಲಿ?"

ಧಣಿ ಅವಳ ಹತ್ತಿರ ಬಂದ. ದನಿ ತಗ್ಗಿಸಿದ. "ನಿನ್ನ ಮನಿ ನಿಂತದ್ದು ಯಾರ ಜಾಗಾದಾಗ? ಕಬ್ಬಿನ ಕೆಲಸ ಯಾರ ಹೊಲದಾಗ? ಒಂದ ಹರಕ ಅರಬಿ ಸಲುವಾಗಿ ತಲಿ ಕೆಡಸಬ್ಯಾಡ. ಬ್ಯಾನರಿನ್ಯಾಗ ಮಾರಿ ಹಾಕ್ಸೇನಿ, ಮ್ಯಾಲ ಕುಂದ್ರಿಸೇನಿ. ಇನ್ನೇನ ಬೇಕ ನಿನಗ, ನನ್ನ ಗಾದಿ ಮ್ಯಾಲ ಮಲಗಬೇಕೇನ?"

ಕೌದಿಯನ್ನು ಆಫೀಸಿನ ಕಪಾಟಿನಲ್ಲಿಟ್ಟು ಕೀಲಿ ಹಾಕಿದ. ಮೇಘಾ ಬಾಗಿಲ ಬಳಿ ನಿಂತಿದ್ದಳು. "ಅತ್ತಿ, ಹಿಂಗ ಮಾಡ್ತಾರಂತ ನನಗ ಗೊತ್ತಿರಲಿಲ್ರಿ," ಎಂದಳು ಮೆಲ್ಲಗೆ. ಗುಡ್ಡವ್ವ ಅವಳನ್ನು ದಾಟಿ ಹೋದಳು.

ಸಂಜೆ ಟಂಟಂ ಹತ್ತಿ ಕೇರಿಗೆ ಬಂದರು. ಇಳಿಯುವಾಗ ಸುಂದ್ರವ್ವ, "ಬಿಡಬೇ ಯಕ್ಕಾ. ಅರಬಿ ಅಷ್ಟ ಹೋತು ಅನ್ಕೋ," ಎಂದಳು. ಗುಡ್ಡವ್ವನಿಗೂ ಹಾಗೇ ಅಂದುಕೊಳ್ಳಬೇಕೆಂದಿತ್ತು. ಐವತ್ತು ವರ್ಷ ಅವಳು ಅಂದುಕೊಂಡೇ ಬಂದಿದ್ದಳು: ಮಾತಷ್ಟೇ ಹೋಯಿತು, ಮಾನವಷ್ಟೇ ಹೋಯಿತು, ಬೆನ್ನಷ್ಟೇ ಹೋಯಿತು. ಆದರೆ ತೆರೆದ ಆ ಮೂಲೆ ಕಣ್ಣಿಗೆ ಕಟ್ಟಿತು. ಕೂಸಿನ ಬಾಯಿಯ ಹಾಗಿತ್ತು ಅದು. ಕೊಡುವುದಾದರೆ ರೀತಿಯಂತೆ ಕೊಡಬೇಕು, ಅನ್ನಿಸಿತು ಅವಳಿಗೆ.

ಬೆಳಕು ಹರಿಯುವಾಗ ಒಲೆ ಹಚ್ಚಿ ಒಂದೇ ಒಂದು ರೊಟ್ಟಿ ಬಡಿದಳು. ಕೆಂಡದ ಬದಿಗೆ ನಿಲ್ಲಿಸಿ, ಖಡಕ್ಕಾಗುವ ತನಕ ಕಾದು, ಅರಿವೆಯಲ್ಲಿ ಸುತ್ತಿಕೊಂಡಳು. ನಿನ್ನೆಯ ಚೂರುಗಳನ್ನು ಮತ್ತೆ ಉಡಿಗೆ ಹಾಕಿಕೊಂಡಳು.

ಎರಡನೆಯ ದಿನವೂ ಅವಳು ಚಾಪೆಯ ಮೇಲೆ ಕೂತು ಹೊಲಿದಳು. ಭಾಷಣಗಳು ಬಂದವು, ಹೋದವು. ಸಂಜೆ ನಾಲ್ಕಕ್ಕೆ ಧಣಿ ಮೈಕು ಹಿಡಿದ. "ನಮ್ಮ ಊರಿನ ಹೆಮ್ಮೆ, ನಮ್ಮ ತಾಯಿ ಸಮಾನ ಗುಡ್ಡವ್ವ ತಮ್ಮ ಕೈಯಾರೆ ಹೊಲಿದ ಕೌದಿಯನ್ನು ಪ್ರೀತಿಯಿಂದ ಸಾಹೇಬರಿಗೆ ಹೊದಿಸುತ್ತಾರೆ," ಎಂದು ಪುಸ್ತಕದ ಭಾಷೆಯಲ್ಲಿ ಹೇಳಿದ. ಮೇಘಾ ಕ್ಯಾಮೆರಾ ಎತ್ತಿದಳು.

ಗುಡ್ಡವ್ವ ಎದ್ದಳು. ಕಪಾಟಿನಿಂದ ತರಿಸಿಟ್ಟಿದ್ದ ಮಗಳ ಕೌದಿಯನ್ನು ತೋಳಿನ ಮೇಲೆ ಹಾಕಿಕೊಂಡಳು. ಸಾಹೇಬ ತಲೆ ಬಾಗಿಸಿದ. ಅವಳು ಹೊದಿಸಲಿಲ್ಲ. ಸೊಂಟದಿಂದ ಅರಿವೆಯ ಗಂಟು ಬಿಚ್ಚಿ ರೊಟ್ಟಿ ತೆಗೆದಳು. ಎರಡು ಮಾಡಿದಳು. ಚಟ್ ಎಂಬ ಸದ್ದು ಮೈಕಿನಲ್ಲಿ ಸಭಾಂಗಣವನ್ನೆಲ್ಲ ಮುಟ್ಟಿತು.

"ನಮ್ಮ ರೀತಿ ನಿನ್ನಿ ಗ್ವಾಡಿ ಮ್ಯಾಲ ಓದಿ ಹೇಳಿದ್ರೆಲಾ ಸಾಹೇಬ್ರ," ಎಂದಳು. "ಕೌದಿ ತಗೊಳ್ಳಾವರು ರೊಟ್ಟಿ ತಿನ್ನಬೇಕು. ಇದು ನಮ್ಮ ಒಲೀಂದ. ಮುಂಜಾನಿ ಬಡದದ್ದು. ತಗೋರಿ."

ಅರ್ಧ ರೊಟ್ಟಿಯನ್ನು ಮುಂದೆ ಹಿಡಿದಳು.

ಸಾಹೇಬ ನಕ್ಕ. "ಅಗದೀ ಚಂದ," ಎಂದ. ಕೈ ಅರ್ಧ ಎತ್ತಿ, ಧಣಿಯ ಮುಖ ನೋಡಿ, ಇಳಿಸಿದ. "ಈಗಷ್ಟ ಊಟಾ ಆತು ನೋಡ್ರಿ, ಆಮ್ಯಾಲೆ..."

"ಒಂದ ಚೂರು ಸಾಕ್ರಿ."

ಸಾಹೇಬ ಕರ್ಚೀಫಿನಿಂದ ಬಾಯಿ ಒರೆಸಿಕೊಂಡ. ಗುಡ್ಡವ್ವ ಧಣಿಯ ಕಡೆ ತಿರುಗಿದಳು. "ಹಂಗಾದ್ರ ಇವರ ಪರವಾಗಿ ನೀವ ತಿನ್ರಿ. ತಾಯಿ ಸಮಾನ ಅಂದ್ರಿ ಈಗ."

ಯಾರೋ ಕೆಮ್ಮಿದರು. ಧಣಿಯ ಕೊರಳಿನ ನರ ಎದ್ದಿತು. ಅವಳು ಕ್ಯಾಮೆರಾದ ಕಡೆ ನೋಡಿದಳು. ಮೇಘಾ ಕಣ್ಣು ಕೆಳಗೆ ಮಾಡಿದಳು. ಗುಡ್ಡವ್ವ ಕಾದಳು. ಅವಸರವಿರಲಿಲ್ಲ ಅವಳಿಗೆ. ಇನ್ನೊಂದು ಅರ್ಧದಿಂದ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ಅಗಿದಳು. ಅಗಿಯುವ ಸದ್ದೂ ಮೈಕಿನಲ್ಲಿ ಕೇಳಿತು.

"ಅದನ್ನ ಬಂದ್ ಮಾಡಲೇ!" ಧಣಿ ಮೇಘಾಗೆ ಗದರಿದ. ಮೇಘಾ ತಲೆ ಎತ್ತಲಿಲ್ಲ, ಕ್ಯಾಮೆರಾವನ್ನೂ ಇಳಿಸಲಿಲ್ಲ.

ಧಣಿ ಮೈಕನ್ನು ಅಂಗೈಯಿಂದ ಮುಚ್ಚಿ ಹಲ್ಲು ಕಚ್ಚಿದ. "ನಾಳಿಂದ ನನ್ನ ಹೊಲಕ್ಕ ಕಾಲಿಟ್ಟಿ ಅಂದ್ರ ಕಾಲ ಮುರೀತೀನಿ, ಸೂಳಿ."

"ಕೈ ತಗದು ಹೇಳ್ರಿ," ಎಂದಳು ಗುಡ್ಡವ್ವ. "ಮೈಕಿನ್ಯಾಗ ಹೇಳ್ರಿ. ಅಮೆರಿಕಾದವರೂ ಕೇಳ್ಲಿ."

ಹಿಂದಿನ ಗೋಡೆಯ ಬಳಿ ಯಾರೋ ನಕ್ಕರು. ಸುಂದ್ರವ್ವ. ನಗುತ್ತಲೇ ಗೋಡೆಗೆ ತೂಗುಹಾಕಿದ್ದ ತನ್ನ ಕೌದಿಯನ್ನು ಜಗ್ಗಿದಳು. ಮೊಳೆ ಕಿತ್ತು ಬಂತು. ಅವಳ ಪಕ್ಕದವಳು ತನ್ನದನ್ನು ಜಗ್ಗಿದಳು. ಆಮೇಲೆ ಉಳಿದವರು. ಗೋಡೆ ಒಂದೊಂದಾಗಿ ಬತ್ತಲೆಯಾಗುತ್ತಾ ಹೋಯಿತು.

ಗುಡ್ಡವ್ವ ಅರ್ಧ ರೊಟ್ಟಿಯನ್ನು ಮೇಜಿನ ಬಿಳಿ ಬಟ್ಟೆಯ ಮೇಲೆ, ಹೂಗುಚ್ಛ ಮತ್ತು ನೆನಪಿನ ಕಾಣಿಕೆಗಳ ನಡುವೆ ಇಟ್ಟಳು. ಉಡಿಯಲ್ಲಿದ್ದ ಮೂವತ್ತೆರಡು ಒಣ ಚೂರುಗಳನ್ನೂ ಅದರ ಪಕ್ಕ ಸುರಿದಳು. ಕೊರಳಿನ ಚೀಟಿ ತೆಗೆದು ಮೇಲಿಟ್ಟಳು. ತನ್ನ ಪಾಲಿನ ರೊಟ್ಟಿಯನ್ನು ಅರಿವೆಗೆ ಕಟ್ಟಿ, ಕೌದಿಯನ್ನು ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದಳು. ದಡ್ಡಿಯ ಕಡೆ ಹೋಗುವ ಬಸ್ಸು ಐದಕ್ಕಿತ್ತು.

ಹತ್ತು ಹೆಂಗಸರು ಮುಂಬಾಗಿಲಿನಿಂದಲೇ ಹೊರಬಿದ್ದರು, ಬ್ಯಾನರಿನ ಮುಖದ ಕೆಳಗಿನಿಂದ.

"ಯಾರರ ಬರ್ರ್ಯೋ, ಇದನ್ನ ಎತ್ರಿ!" ಒಳಗಿನಿಂದ ಧಣಿಯ ಕೂಗು ಬಂತು. ಮೈಕು ಇನ್ನೂ ಚಾಲೂ ಇತ್ತು. "ಏ, ಎತ್ತಾವ್ರು ಎಲ್ಲಿ ಹೋದ್ರಲೇ?"

ಬಡಿಸುವವನು ಬಾಗಿಲಲ್ಲಿ ನಿಂತೇ ಇದ್ದ. ಸಾಹೇಬ ಕುರ್ಚಿಯನ್ನು ಒಂದು ಗೇಣು ಹಿಂದೆ ಸರಿಸಿದ. ಇನ್ನೂರು ಮಂದಿ ಬಿಳಿ ಬಟ್ಟೆಯ ಮೇಲಿನ ರೊಟ್ಟಿಯನ್ನು ನೋಡುತ್ತಾ ಕೂತಿದ್ದರು. ಅದನ್ನು ಮುಟ್ಟಲು ಯಾರೂ ಮುಂದೆ ಬರಲಿಲ್ಲ.