ಫಲಾನುಭವಿ

ನನ್ನ ಭಾವ ತಮ್ಮ ಕೋಣೆ ಸೇರಬೇಕಾದರೆ ಹದಿನಾಲ್ಕು ಮೆಟ್ಟಿಲು ಹತ್ತಬೇಕಿತ್ತು. ಮೊದಲೆಲ್ಲ ಎರಡೆರಡು ಮೆಟ್ಟಿಲು ದಾಟಿ ಹೋಗುತ್ತಿದ್ದವರು ಆ ವರ್ಷ ನಾಲ್ಕು ಕಡೆ ನಿಂತು ಹತ್ತತೊಡಗಿದರು. ನಿಂತಾಗ ಒಂದು ಕೈ ಗೋಡೆಗೆ, ಬಾಯಿ ಅರ್ಧ ತೆರೆದಿರುತ್ತಿತ್ತು. ಯಾರಾದರೂ ಎದುರಾದರೆ ಫೋನ್ ತೆಗೆದು ಏನೋ ನೋಡುವವರಂತೆ ಮಾಡುತ್ತಿದ್ದರು. ವಯಸ್ಸು ಮೂವತ್ತೊಂಬತ್ತು. ಮಲಗಿದರೆ ಎದೆ ಕಟ್ಟುತ್ತದೆಂದು ಗೋಡೆಗೆ ದಿಂಬು ಆನಿಸಿಕೊಂಡು ಕೂತೇ ನಿದ್ದೆ ಮಾಡುತ್ತಿದ್ದರು.

ಅವರು ಕಲ್ಲು ಕೊಯ್ಯುವವರು. ಅಡುಗೆಮನೆ ಕಟ್ಟೆಗೆ ಹಾಸುವ ನುಣುಪು ಚಪ್ಪಡಿಗಳನ್ನು ನಮ್ಮ ಕಾರ್ಖಾನೆ ಮಾಡುತ್ತದೆ. ಕೊಯ್ಯುವಾಗ ಬ್ಲೇಡಿನ ಮೇಲೆ ನೀರು ಬೀಳುತ್ತಿದ್ದರೆ ಧೂಳು ಅಷ್ಟಾಗಿ ಏಳುವುದಿಲ್ಲ. ಆದರೆ ಒದ್ದೆ ಚಪ್ಪಡಿ ಒಣಗುವ ತನಕ ಪ್ಯಾಕ್ ಮಾಡುವಂತಿಲ್ಲ. ಹಾಗಾಗಿ ಆರ್ಡರ್ ಜಾಸ್ತಿಯಾದಾಗ ಮೇಸ್ತ್ರಿ ನೀರು ನಿಲ್ಲಿಸುತ್ತಿದ್ದ. ಬರಬರುತ್ತ ಆರ್ಡರ್ ಯಾವಾಗಲೂ ಜಾಸ್ತಿಯೇ ಆಯಿತು. ಸಂಜೆ ಶೆಡ್ಡಿನಿಂದ ಹೊರಬರುವವರ ಹುಬ್ಬು, ರೆಪ್ಪೆ, ಕಿವಿಯೊಳಗೆಲ್ಲ ಬಿಳಿ ಪುಡಿ. "ನಾವೂ ಬಿಳಿಯರೇ ಕಣಯ್ಯ, ನಮ್ಮನ್ನ ಯಾರೂ ಆಳೋರಿಲ್ಲ" ಅಂತ ಭಾವ ನಗಿಸುತ್ತಿದ್ದರು. ಹನ್ನೊಂದು ವರ್ಷ ಆ ಶೆಡ್ಡಿನಲ್ಲಿ ದುಡಿದರು. ನಮ್ಮಕ್ಕ ಅದೇ ಕಾರ್ಖಾನೆಯ ಪ್ಯಾಕಿಂಗಿನಲ್ಲಿದ್ದಳು. ನಾನು ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದೆ.

ಕಂಪನಿಯವರು ಕೊಡುಗೈಯವರೆಂದು ಹೆಸರು. ದೊಡ್ಡ ಯಜಮಾನರ ಕಾಲದಲ್ಲಿ ಯಾರಾದರೂ ಸತ್ತರೆ ಅವರೇ ಮನೆ ಬಾಗಿಲಿಗೆ ಬಂದು ಜೇಬಿಗೆ ಕೈ ಹಾಕುತ್ತಿದ್ದರಂತೆ. ಎಷ್ಟು ಕೊಟ್ಟರು ಎನ್ನುವುದು ಅವರ ಮನಸ್ಸಿಗೆ ಬಿಟ್ಟದ್ದು, ಕೈಮುಗಿಯುವುದು ನಮಗೆ ಬಿಟ್ಟದ್ದು. ಮಗನ ಕಾಲಕ್ಕೆ ಬೋರ್ಡುಗಳು ಬಂದವು. ಬಸ್ಸು ನಿಲ್ಲುವ ಜಾಗದ ನೆರಳಿಗೆ ಕಂಪನಿಯ ಹೆಸರು, ಶಾಲೆಯ ಬೆಂಚಿಗೆ ಕಂಪನಿಯ ಹೆಸರು, ಸುಡುಗಾಡಿನ ಗೇಟಿಗೂ ಅದೇ ಹೆಸರು. ಆಮೇಲೆ ದೊಡ್ಡ ಕಂಪನಿಗಳು ಲಾಭದಲ್ಲಿ ಒಂದು ಪಾಲು ಸಮಾಜಕ್ಕೆ ಖರ್ಚು ಮಾಡಲೇಬೇಕೆಂದು ಕಾನೂನು ಬಂತು. ಆಫೀಸಿನಲ್ಲಿ ಗಾಜಿನ ಬಾಗಿಲಿನ ಒಂದು ಕೋಣೆ ಎದ್ದಿತು. ಸಾಮಾಜಿಕ ಹೊಣೆಗಾರಿಕೆ ವಿಭಾಗ. ಅದಕ್ಕೊಬ್ಬಳು ಓದಿದ ಹುಡುಗಿ ಬಂದಳು. ನಾವು ಹೊಣೆ ಮೇಡಂ ಅಂತ ಕರೆದೆವು. ಕೆಟ್ಟವಳಲ್ಲ. ಗೇಟಿನಲ್ಲಿ ಸಿಕ್ಕರೆ ನಿಂತು ಮಾತಾಡಿಸುತ್ತಿದ್ದಳು, ಮಕ್ಕಳ ಹೆಸರು ನೆನಪಿಟ್ಟುಕೊಳ್ಳುತ್ತಿದ್ದಳು.

ಅವಳೇ ಎಕ್ಸ್‌ರೇ ವ್ಯಾನು ತರಿಸಿದ್ದು. ಕಾರ್ಖಾನೆ ಸುತ್ತಲಿನ ಬೀದಿಗಳವರಿಗೆ ಉಚಿತ ತಪಾಸಣೆ. ಅಕ್ಕ ಭಾವನನ್ನು ಎಬ್ಬಿಸಿ ಕರೆದುಕೊಂಡು ಹೋದಳು. ಎಳೆಯ ವಯಸ್ಸಿನ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿದರು. ಏನು ಕೆಲಸ ಎಂದು ಕೇಳಿದರು. ಭಾವ ಹೇಳಿದರು. ಡಾಕ್ಟರು ಪಕ್ಕದಲ್ಲಿ ನಿಂತಿದ್ದ ಕಂಪನಿಯವರ ಮುಖ ನೋಡಿ ಫಿಲ್ಮನ್ನು ಲಕೋಟೆಗೆ ಹಾಕಿದರು.

ಹತ್ತು ದಿನಕ್ಕೆ ಮೇಸ್ತ್ರಿ ನನ್ನನ್ನು ಪಕ್ಕಕ್ಕೆ ಕರೆದ. ಭಾವನಿಗೆ ಉಸಿರಾಟದ ಮಷೀನು ಕೊಡುತ್ತಾರಂತೆ, ಕರೆಂಟಿನಲ್ಲಿ ನಡೆಯುವಂಥದ್ದು, ಹೊರಗಡೆ ತಗೊಂಡರೆ ನಮ್ಮ ಜನ್ಮದಲ್ಲಿ ಆಗದು ಅಂದ. ಒಂದೇ ತೊಡಕು. ಈ ಹಣ ಸಮಾಜಕ್ಕೆ ಅಂತ ಇರುವುದು, ಕಂಪನಿಯ ಕೆಲಸಗಾರರಿಗೆ ಬಳಸುವ ಹಾಗಿಲ್ಲ.

"ನಿಮ್ಮ ಭಾವ ಹೊರಗಿನೋರಾದ್ರೆ ನಾಳೇನೇ ಸಿಗುತ್ತೆ" ಅಂದ. "ಹೆಂಗಿದ್ರೂ ಕೆಲ್ಸಕ್ಕೆ ಬರೋಕಾಗ್ತಿಲ್ವಲ್ಲ. ಬಿಟ್ಟಿದೀನಿ ಅಂತ ಒಂದು ಸಹಿ ಹಾಕಿಸ್ಕೊಂಡು ಬಾ. ತಾರೀಕು ನಾವು ಹಾಕ್ಕೋತೀವಿ."

ನಾನೇ ಕಾಗದ ತಂದೆ. ರಾಜೀನಾಮೆಯದು ಒಂದು ಹಾಳೆ. ಮಷೀನಿನ ಅರ್ಜಿ ನಾಲ್ಕು ಪುಟ, ಮೇಲೆ ದಪ್ಪಕ್ಷರದಲ್ಲಿ ಫಲಾನುಭವಿ ಎಂದಿತ್ತು. ನಾನು ಹತ್ತನೇ ಕ್ಲಾಸಿನ ತನಕ ಓದಿದವನು, ಮನೆಯಲ್ಲಿ ಕಾಗದ ಓದುವವನು ನಾನೇ. ಮೊದಲ ಪುಟ ಓದಿದೆ. ಹೆಸರು, ವಯಸ್ಸು, ಬೀದಿ. ಭಾವ ಒಳಗೆ ಕೆಮ್ಮುತ್ತಿದ್ದರು. ಉಳಿದದ್ದು ಮಡಚಿ, ಎಲ್ಲ ಸರಿ ಇದೆ, ಹಾಕಿ ಅಂದೆ. ಭಾವ ಹಾಕಿದರು. ಸಾಕ್ಷಿ ಅಂತ ಅಕ್ಕನೂ ಹಾಕಿದಳು.

ಮಷೀನು ಕೊಟ್ಟದ್ದು ವೇದಿಕೆಯ ಮೇಲೆ. ಭಾವನನ್ನು ಕುರ್ಚಿ ಸಮೇತ ಅಕ್ಕನೂ ನಾನೂ ಎತ್ತಿ ಮೇಲಿಟ್ಟೆವು. ಸಣ್ಣ ಯಜಮಾನರು ಪಕ್ಕದಲ್ಲಿ ಬಗ್ಗಿ ನಿಂತರು. ಫೋಟೋದವನು ಮೂಗಿನ ಕೊಳವೆ ಸ್ವಲ್ಪ ಕೆಳಗಿಳಿಸಿ, ನಗು ಕಾಣಲಿ ಅಂದ. ಅಷ್ಟು ಹೊತ್ತು ಭಾವ ಉಸಿರು ಬಿಗಿಹಿಡಿದು ನಕ್ಕರು. ಆದರೂ ಸುಳ್ಳು ಹೇಳಬಾರದು, ಆ ಮಷೀನು ಬಂದ ಮೇಲೆ ಅವರು ಮಲಗಿ ನಿದ್ದೆ ಮಾಡಿದರು. ಅಕ್ಕ ಹೊಣೆ ಮೇಡಂಗೆ ಕೈಮುಗಿದು ಬಂದಳು.

ಮೂರು ತಿಂಗಳ ಮೇಲೆ ಅದೇ ಶೆಡ್ಡಿನ ಇನ್ನೊಬ್ಬ ಉಸಿರಿಗೆ ಕಷ್ಟಪಟ್ಟ. ಅವನ ತಂಗಿ ಎಲ್ಲೋ ವಿಚಾರಿಸಿ ಬಂದು, ಕೆಲಸದಿಂದ ಬಂದ ಕಾಯಿಲೆಗೆ ಕಂಪನಿ ಪರಿಹಾರ ಕೊಡಲೇಬೇಕಂತೆ, ಕಾರ್ಮಿಕ ಇಲಾಖೆಗೆ ಅರ್ಜಿ ಹಾಕಬೇಕಂತೆ ಎಂದಳು. ಅಕ್ಕನೂ ನಾನೂ ಹೋಗಿ ಭಾವನ ಹೆಸರಿನಲ್ಲಿ ಹಾಕಿದೆವು. ಕರೆ ಬಂದಾಗ ಗುಮಾಸ್ತ ಕಂಪನಿಯ ಉತ್ತರವನ್ನು ನಮ್ಮ ಕಡೆ ತಿರುಗಿಸಿದ. ಈತ ಕೆಲಸ ಬಿಟ್ಟು ಎರಡು ವರ್ಷವಾಗಿದೆ, ಎಕ್ಸ್‌ರೇಗೂ ಎಷ್ಟೋ ಮೊದಲು, ಕಾಯಿಲೆಯ ಕಾರಣ ಈತನೇ ಬರೆದುಕೊಟ್ಟಿದ್ದಾನೆ ಎಂದ. ಜೊತೆಗೆ ಅವರೇ ತಾರೀಕು ಹಾಕಿಕೊಂಡ ರಾಜೀನಾಮೆ, ಆ ನಾಲ್ಕು ಪುಟದ ಪ್ರತಿ ಇದ್ದವು.

ಮನೆಗೆ ಬಂದು ಅಕ್ಕ ಪ್ರತಿಯನ್ನು ನನ್ನ ಕೈಗಿಟ್ಟಳು.

"ಓದು" ಅಂದಳು. "ಈ ಸಲ ಪೂರ್ತಿ ಓದು."

ಭಾವನ ಎದುರಿಗೇ ಓದಿದೆ. ಅದು ಮೂರನೇ ಪುಟದಲ್ಲಿತ್ತು. ನಾನು ಕಂಪನಿಯ ನೆರೆಯ ಬಡ ನಿವಾಸಿ. ಮನೆಯ ಒಲೆಯ ಹೊಗೆಯಿಂದ ನನ್ನ ಶ್ವಾಸಕೋಶ ಕೆಟ್ಟಿದೆ. ಕಂಪನಿಯ ಈ ನೆರವಿಗೆ ಕೃತಜ್ಞನಾಗಿದ್ದೇನೆ, ಬೇರೆ ಯಾವ ಹಕ್ಕನ್ನೂ ಕೇಳುವುದಿಲ್ಲ. ನಮ್ಮಲ್ಲಿ ಗ್ಯಾಸು ಬಂದು ಯಾವ ಕಾಲವಾಯಿತೋ.

ಭಾವ ಕೊಳವೆ ಸರಿಮಾಡಿಕೊಂಡರು.

"ಹನ್ನೊಂದು ವರ್ಷ ನಾನು ಒಲೆ ಮುಂದೆ ಕೂತಿದ್ದೆ ಅಂತಾಯ್ತು" ಅಂದರು. ಉಸಿರು ತಗೊಂಡು ಅಕ್ಕನ ಕಡೆ ತಿರುಗಿದರು. "ನೀನು ಒಂದಿನಾನೂ ನನ್ನ ಅಡುಗೆ ಚೆನ್ನಾಗಿದೆ ಅನ್ಲಿಲ್ವಲ್ಲ."

ನಕ್ಕರು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ಅಕ್ಕ ಬೆನ್ನು ನೀವುತ್ತಾ ಕೂತಳು. ಆ ಹೊತ್ತಿಗೆ ಅವಳು ನನ್ನನ್ನು ಬೈದಿದ್ದರೆ ಜೀವ ತಣ್ಣಗಾಗುತ್ತಿತ್ತು. ಬೈಯಲಿಲ್ಲ. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಕೆಳಗಿಳಿದು ಬೀದಿಯ ಕೊನೆಯ ತನಕ ನಡೆದೆ, ವಾಪಸು ಬಂದೆ, ಮತ್ತೆ ನಡೆದೆ.

ಮರುದಿನ ಊಟದ ಬಿಡುವಿನಲ್ಲಿ ಅಕ್ಕ ಗಾಜಿನ ಬಾಗಿಲು ತಳ್ಳಿದಳು. ಹಿಂದೆ ನಾನು. ಹೊಣೆ ಮೇಡಂ ಎದ್ದು ಕುರ್ಚಿ ಎಳೆದುಕೊಟ್ಟಳು. ಅಕ್ಕ ಕೂರಲಿಲ್ಲ. ಮೂರನೇ ಪುಟ ಮೇಜಿನ ಮೇಲಿಟ್ಟಳು. ಮೇಡಂ ಓದಿ ಕೆಂಪಗಾದಳು. ಆ ಸಾಲುಗಳನ್ನು ಕಾನೂನು ವಿಭಾಗದವರು ಬರೆದದ್ದು, ಎಲ್ಲ ಅರ್ಜಿಯಲ್ಲೂ ಹಾಗೇ ಇದೆ ಅಂದಳು. ನಿಮಗೆ ಮಷೀನು ಸಿಗಲಿ ಅಂತಲೇ ತಾನು ಓಡಾಡಿದ್ದು, ಕೆಲಸಗಾರರಿಗೆ ಅಂದರೆ ಈ ದುಡ್ಡು ಮುಟ್ಟುವ ಹಾಗಿಲ್ಲ ಅಂದಳು.

"ಹಂಗಾದ್ರೆ ಕೆಲಸಗಾರರಿಗೆ ಅಂತ ಯಾವ್ದು ಇದೆ ಮೇಡಂ?" ಅಕ್ಕ ಕೇಳಿದಳು.

ಮೇಡಂ ಕಂಪ್ಯೂಟರಿನ ಕಡೆ ನೋಡಿದಳು.

"ನಮ್ಮೆಜಮಾನ್ರು ಹೊರಗಿನೋರಾದ ಮೇಲೆ ನಿಮ್ಗೆ ಅವ್ರ ಮೇಲೆ ಕರುಣೆ ಬಂತು. ಒಳಗಿದ್ದಾಗ ಆ ಬ್ಲೇಡಿಗೆ ನೀರು ಬಿಟ್ಟಿದ್ರೆ ಸಾಕಿತ್ತು. ಕರುಣೆ ಬೇಕಿರ್ಲಿಲ್ಲ."

ಮೇಡಂ ಶೆಡ್ಡಿನ ಒಳಗೆ ತಾನು ಯಾವತ್ತೂ ಹೋಗಿಲ್ಲ ಅಂದಳು. ಅದು ಬೇರೆ ವಿಭಾಗಕ್ಕೆ ಸೇರಿದ್ದು. ವಾಪಸು ಬರುವಾಗ ಅಕ್ಕ ಬೇಕೆಂದೇ ಕೊಯ್ಯುವ ಶೆಡ್ಡಿನ ದಾರಿ ಹಿಡಿದಳು. ಬಾಗಿಲಲ್ಲಿ ನಿಂತು, ಊಟದ ಡಬ್ಬಿ ಮುಂದಿಟ್ಟುಕೊಂಡು ಕೂತವರಿಗೆ ಮೂರನೇ ಪುಟದಲ್ಲಿ ಏನಿದೆ ಎಂದು ಹೇಳಿದಳು. ಅವರು ಊಟ ಮುಂದುವರಿಸಿದರು. ಮುಂದಿನ ವಾರ ವ್ಯಾನು ಮತ್ತೆ ಬರುತ್ತದೆಂದು ಎಲ್ಲರಿಗೂ ಗೊತ್ತಿತ್ತು, ಎದೆಯ ಎಕ್ಸ್‌ರೇ ಎಲ್ಲರಿಗೂ ಬೇಕಿತ್ತು.

ವ್ಯಾನು ಬಂದ ದಿನ ವಾರದ ರಜೆ. ಶೆಡ್ಡಿನವರು ಇಪ್ಪತ್ತಮೂರು ಮಂದಿ ಸಾಲಿನಲ್ಲಿ ನಿಂತಿದ್ದರು. ಮೇಜಿನ ಹಿಂದೆ ಫಾರಂ ತುಂಬುವವನು, ಅವನ ಪಕ್ಕ ಮೇಸ್ತ್ರಿ. ಮೊದಲ ಸರದಿಯವನು ಐವತ್ತು ದಾಟಿದ ಪಾಲಿಶಿನವನು, ಯಾವತ್ತೂ ಗಟ್ಟಿಯಾಗಿ ಮಾತಾಡಿದವನಲ್ಲ. ಹೆಸರು ಹೇಳಿದ, ಬೀದಿ ಹೇಳಿದ, ಆಮೇಲೆ ನನ್ನ ಕೆಲಸವನ್ನೂ ಬರೆದುಕೋ ಅಂದ.

"ಅದಕ್ಕೆ ಕಾಲಂ ಇಲ್ಲ" ಅಂದ ಫಾರಂನವನು. "ಚಟ ಏನಾದ್ರೂ ಇದ್ರೆ ಹೇಳಿ. ಅದಕ್ಕಿದೆ."

ಪಾಲಿಶಿನವನು ವ್ಯಾನಿನ ಕಡೆ ನೋಡಿದ. ನಾವೆಲ್ಲ ಇನ್ನೇನು ಅವನು ಒಳಗೆ ಹೋಗುತ್ತಾನೆ ಅಂದುಕೊಂಡೆವು.

"ಹಂಗಾದ್ರೆ ಬರ್ಕೋ" ಅಂದ. "ಕಲ್ಲು ಉಜ್ಜೋದು. ಹದಿನಾರು ವರ್ಷದಿಂದ."

ಸಾಲಿನಲ್ಲಿ ಯಾರೋ ನಕ್ಕರು. ಫಾರಂನವನು ಪೆನ್ನು ಎತ್ತಲಿಲ್ಲ, ಮೇಸ್ತ್ರಿಯ ಮುಖ ನೋಡಿದ. ತಮಾಷೆ ಮಾಡಿದರೆ ವ್ಯಾನು ವಾಪಸು ಕಳಿಸುತ್ತೇನೆ ಎಂದು ಮೇಸ್ತ್ರಿ ಗದರಿದ. ಆಗ ಪಾಲಿಶಿನವನು ಫಾರಂ ಅನ್ನು ತನ್ನ ಕಡೆ ಎಳೆದುಕೊಂಡು, ಒಂದೊಂದೇ ಅಕ್ಷರ ಕೂಡಿಸಿ ತಾನೇ ಬರೆದ. ಅವನ ಹಿಂದಿನವನು ಖಾಲಿ ಫಾರಂ ತಗೊಂಡ. ಅವನ ಹಿಂದಿನವನೂ ತಗೊಂಡ. ಬರೆಯಲು ಬಾರದವರು ನನ್ನ ಹತ್ತಿರ ಬಂದರು. ನಾನು ನೆಲದ ಮೇಲೆ ಕೂತು ಬರೆದೆ. ಕಲ್ಲು ಕೊಯ್ಯುವುದು, ನೀರಿಲ್ಲದೆ, ಒಂಬತ್ತು ವರ್ಷ. ಕಲ್ಲು ಕೊಯ್ಯುವುದು, ನಾಲ್ಕು ವರ್ಷ. ಧೂಳು ಗುಡಿಸುವುದು, ಏಳು ವರ್ಷ. ಪ್ರತಿಯೊಂದನ್ನೂ ಮೇಲಿನಿಂದ ಕೆಳಗಿನ ತನಕ ಅವರಿಗೆ ಓದಿ ಹೇಳಿ, ಆಮೇಲೆ ಸಹಿ ಹಾಕಿಸಿದೆ. ಅಕ್ಕ ಒಂದೊಂದಕ್ಕೂ ಫೋನಿನಲ್ಲಿ ಫೋಟೋ ತೆಗೆದುಕೊಂಡಳು.

ಮೇಸ್ತ್ರಿ ಫಾರಂಗಳನ್ನು ಕಿತ್ತುಕೊಳ್ಳಲು ಬಂದ. ಯಾರೂ ಅವನನ್ನು ತಳ್ಳಲಿಲ್ಲ, ದಾರಿಯನ್ನೂ ಬಿಡಲಿಲ್ಲ. ಹೊಣೆ ಮೇಡಂ ಕಾರಿನ ಹತ್ತಿರವೇ ನಿಂತು ಯಾರಿಗೋ ಫೋನ್ ಮಾಡುತ್ತಿದ್ದಳು. ಆ ಕಡೆಯಿಂದ ಏನು ಹೇಳಿದರೋ, ಹೂಂ ಹೂಂ ಎನ್ನುತ್ತಿದ್ದಳು.

ಭಾವನ ಅರ್ಜಿ ಇನ್ನೂ ಇಲಾಖೆಯಲ್ಲೇ ಇದೆ. ಈ ತಿಂಗಳು, ಮುಂದಿನ ತಿಂಗಳು ಅನ್ನುತ್ತಾರೆ. ವ್ಯಾನಿನ ಒಳಗೆ ಆ ದಿನ ಇದ್ದದ್ದು ಅದೇ ಎಳೆಯ ಡಾಕ್ಟರು. ಪಾಲಿಶಿನವನ ಫಾರಂ ಓದಿದರು. ಕೆಳಗಿನಿಂದ ಮೇಸ್ತ್ರಿ, ಅದನ್ನು ಹೊಡೆದು ಹಾಕಿ ಡಾಕ್ಟರೇ, ಇವರು ತಲೆ ಕೆಟ್ಟವರು ಎಂದು ಕೂಗಿದ. ಡಾಕ್ಟರು ಕಿಟಕಿಯಿಂದ ಹೊರಗೆ, ಸಾಲಿನ ಕೊನೆಯ ತನಕ ನೋಡಿದರು. ಇಪ್ಪತ್ತಮೂರು ಮಂದಿ ಅವರ ಪೆನ್ನನ್ನೇ ನೋಡುತ್ತಿದ್ದರು.

"ಹದಿನಾರು ವರ್ಷ ಅಂದ್ರಾ?" ಎಂದು ಕೇಳಿ, ಅದರ ಕೆಳಗೆ ಸಹಿ ಮಾಡಿದರು.