ಮಾಳಿಗೆ ಮೇಲಿನ ತಾಡಪತ್ರಿ

ಹತ್ತಿಯಾಗಿ ಹುಟ್ಟಿದವರೆಲ್ಲ ಸೀರೆ, ಧೋತರ ಆಗುವುದಿಲ್ಲ. ನನ್ನ ಪಾಲಿಗೆ ಬಂದದ್ದು ದಪ್ಪ ನೂಲು. ಮಗ್ಗದ ಮೇಲೆ ನನ್ನನ್ನು ಬಿಗಿಯಾಗಿ ನೇಯ್ದರು, ಹಸಿರು ಬಣ್ಣದಲ್ಲಿ ಮುಳುಗಿಸಿದರು, ಮೈತುಂಬ ಬಿಸಿ ಮೇಣ ಬಳಿದರು. ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಅಂಚು ಮಡಚಿ ಹೊಲಿದು, ಹಗ್ಗ ಪೋಣಿಸಲು ಸುತ್ತಲೂ ಹಿತ್ತಾಳೆಯ ಕಣ್ಣು ಕೂಡಿಸಿದರು. ಅಲ್ಲಿಗೆ ನಾನು ತಾಡಪತ್ರಿಯಾದೆ. ಮಳೆ ತಡೆಯುವುದು ನನ್ನ ಕಸುಬು. ಬೇರೆ ವಿದ್ಯೆ ನನಗೆ ಬಾರದು.

ನನ್ನನ್ನು ಮೊದಲು ಕೊಂಡವನು ಲಾರಿ ಓಡಿಸುತ್ತಿದ್ದ ವಿರೂಪಣ್ಣ. ಅವನ ಲಾರಿಯ ನೆತ್ತಿಯ ಮೇಲೆ ಕೂತು ನಾನು ಬ್ಯಾಡಗಿಯ ಮೆಣಸಿನಕಾಯಿ, ಗದಗಿನ ಉಳ್ಳಾಗಡ್ಡಿ, ಅಣ್ಣಿಗೇರಿಯ ಹತ್ತಿ ಕಾಯ್ದೆ. ಮೋಡ ಕಂಡರೆ ಸಾಕು, ವಿರೂಪಣ್ಣ ಗಾಡಿ ನಿಲ್ಲಿಸಿ ಮೇಲೆ ಹತ್ತಿ ನನ್ನ ಹಗ್ಗ ಬಿಗಿಯುತ್ತಿದ್ದ. ಕಡೆಗೊಮ್ಮೆ ಆಲದ ಕೊಂಬೆಯೊಂದು ನನ್ನನ್ನು ನಟ್ಟನಡುವೆ ಸೀಳಿತು. ಅವನು ನೀಲಿ ಬಣ್ಣದ ಹೊಸ ಪ್ಲಾಸ್ಟಿಕ್ ಹೊದಿಕೆ ತಂದ. ನನ್ನನ್ನು ನರಗುಂದದ ಗ್ಯಾರೇಜೊಂದರ ಮೂಲೆಗೆ ಎಸೆದು ಹೋದ.

ಗ್ಯಾರೇಜು ಯಮನೂರಪ್ಪನದು. ಅವನು ನನ್ನನ್ನು ಲಾರಿಯ ಕೆಳಗೆ ಹಾಸಿಕೊಂಡು ಮಲಗಿ ಕೆಲಸ ಮಾಡುತ್ತಿದ್ದ. ಹಾಗಾಗಿ ಅವನ ಮುಖಕ್ಕಿಂತ ಮೊದಲು ನನಗೆ ಗುರುತಾದದ್ದು ಅವನ ಬೆನ್ನು. ನಟ್ಟು ಬಿಗಿಯಾಗಿದ್ದರೆ ಆ ಬೆನ್ನು ಕಲ್ಲಿನಂತಾಗುತ್ತಿತ್ತು. ಸಡಿಲಾದ ಕೂಡಲೇ ನನ್ನ ಮೇಲೆ ಮೆತ್ತಗೆ ಒರಗುತ್ತಿತ್ತು. ಅವನು ಯಾವ ಗಾಡಿಯನ್ನೂ ಮೊದಲು ಮುಟ್ಟುತ್ತಿರಲಿಲ್ಲ. ಚಾಲೂ ಮಾಡಿಸಿ, ಕಣ್ಣು ಮುಚ್ಚಿ, ತಲೆ ವಾಲಿಸಿ ಕೇಳುತ್ತಿದ್ದ. ಆಮೇಲೆ, "ಹಿಂದಿನ ಬೇರಿಂಗ್ ಹೋಗೈತಿ" ಎನ್ನುತ್ತಿದ್ದ. ಬಿಚ್ಚಿ ನೋಡಿದರೆ ಹೋಗಿರುತ್ತಿತ್ತು.

ಒಂದು ದಿನ ಅವನು ನನ್ನನ್ನು ಬಿಸಿಲಿಗೆ ಎಳೆದು ಹರವಿದ. ಎಣ್ಣೆಯ ಕಲೆಗಳ ನಡುವೆ ಉಗುರಿನಿಂದ ಕೆರೆದು ನೋಡಿದ.

"ಎಂಥಾ ನೇಯ್ಗಿ ಐತಿ ನೋಡು. ಇಂಥಾದ್ದನ್ನ ಒಗದು ಹೋಗ್ಯಾನ" ಎಂದು ತನಗೆ ತಾನೇ ಹೇಳಿಕೊಂಡ.

ಸೋಪಿನ ನೀರಿನಲ್ಲಿ ತಿಕ್ಕಿ ತೊಳೆದ. ದಬ್ಬಣ ಹಿಡಿದು ಸೀಳನ್ನು ಹೊಲಿದ. ಹೊಲಿಗೆಯ ಮೇಲೆ ಡಾಂಬರು ಕಾಯಿಸಿ ಸವರಿದ. ನಾನು ಮತ್ತೆ ಒಂದಾದೆ. ಆ ಕೈಗಳ ಋಣ ನನ್ನ ಮೇಲಿದೆ. ಮುಂದಿನದನ್ನು ಹೇಳುವಾಗ ಇದನ್ನು ಮರೆತು ಹೇಳಲಾರೆ.

ಅವನು ನನ್ನನ್ನು ಸೈಕಲ್ಲಿನ ಮೇಲೆ ಹೇರಿಕೊಂಡು ಮನೆಗೆ ತಂದ. ಆ ಕಡೆಯ ಹಳೆಯ ಮನೆಗಳಂತೆ ಅದೂ ಮಣ್ಣಿನ ಮಾಳಿಗೆಯ ಮನೆ. ಗೋಡೆಯಿಂದ ಗೋಡೆಗೆ ಒಂದು ಬೇವಿನ ತೊಲೆ, ಅದರ ಮೇಲೆ ಅಡ್ಡಡ್ಡ ಜಂತಿ, ಜಂತಿಯ ಮೇಲೆ ಬಿದಿರ ತಟ್ಟಿ, ಅದರ ಮೇಲೆ ದಪ್ಪಗೆ ಮಣ್ಣು. ನಡುಮನೆಗೆ ಕಿಟಕಿ ಇರಲಿಲ್ಲ. ಮಾಳಿಗೆಯಲ್ಲೇ ಬಿಟ್ಟ ಒಂದು ಬೆಳಕಿಂಡಿಯಿಂದ ಬಿಸಿಲು ಇಳಿಯುತ್ತಿತ್ತು. ಆ ಬೆಳಕಿನಲ್ಲಿ ಅವನ ಹೆಂಡತಿ ಬಾಳವ್ವ ದಿನವಿಡೀ ಕೂತು ಕೌದಿ ಹೊಲಿಯುತ್ತಿದ್ದಳು. ಓಣಿಯವರು ಹಳೆಯ ಸೀರೆ ತಂದು ಕೊಡುತ್ತಿದ್ದರು. ಅವಳು ಅವನ್ನು ಕತ್ತರಿಸಿ, ಒಂದರ ಮೇಲೊಂದು ಹಾಸಿ, ಸಾಲುಸಾಲಾಗಿ ಹೊಲಿದು ಹೊದೆಯುವಂತೆ ಮಾಡುತ್ತಿದ್ದಳು. ಅವರಿಗೆ ಮಕ್ಕಳಿರಲಿಲ್ಲ. ಅವನ ಸುತ್ತಿಗೆಯ ಸದ್ದು, ಅವಳ ಸೂಜಿಯ ಮೌನ, ಇವೆರಡರಲ್ಲೇ ಮನೆ ತುಂಬಿತ್ತು.

ಆ ಮನೆಗೆ ಹೊರಗಿನ ಕೆಲಸಗಾರ ಕಾಲಿಟ್ಟದ್ದೇ ಇಲ್ಲ. ನೀರಿನ ಪಂಪು, ಗಿರಣಿ, ಬಾಳವ್ವನ ಚಾಳೀಸು ಕನ್ನಡಕ, ಪಕ್ಕದ ಮನೆಯವರ ರೇಡಿಯೋ, ಎಲ್ಲವೂ ಯಮನೂರಪ್ಪನ ಕೈಯಲ್ಲೇ ರಿಪೇರಿ. ಅದು ಅವನಿಗೆ ಹೆಮ್ಮೆ. ಅವಳಿಗೂ ಹೆಮ್ಮೆಯೇ.

ಮೊದಲು ಕಂಡುಹಿಡಿದವಳು ಬಾಳವ್ವ. ಹೊಲಿಯುತ್ತಿದ್ದ ಕೌದಿಯ ಮೇಲೆ ನುಣ್ಣನೆಯ ಪುಡಿ ಬಿದ್ದಿತ್ತು. ಕೊಡವಿದರೆ ಮರುದಿನ ಮತ್ತೆ ಅದೇ ಜಾಗದಲ್ಲಿ ಬಿದ್ದಿರುತ್ತಿತ್ತು.

"ಮ್ಯಾಲಿಂದ ಏನೋ ಉದರಾಕತ್ತೈತ್ರಿ" ಎಂದಳು.

ಗೆದ್ದಲು ಎಂದು ಯಮನೂರಪ್ಪ ಏಣಿ ಹಾಕಿ ತೊಲೆಗೆ ಸೀಮೆಎಣ್ಣೆ ಬಳಿದ. ಪುಡಿ ನಿಂತಿತು. ಕೆಲವು ತಿಂಗಳಾದ ಮೇಲೆ ಗೋಡೆಯ ಮೇಲ್ತುದಿಯಲ್ಲಿ, ತೊಲೆ ಗೋಡೆಯೊಳಗೆ ಹೊಕ್ಕ ಕಡೆ, ತೇವದ ಕಲೆ ಮೂಡಿತು. ಅವನು ಸುಣ್ಣ ಹಚ್ಚಿದ. ಕಲೆ ಮರೆಯಾಯಿತು. ಆಮೇಲೆ ನಡುಮನೆಯ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳತೊಡಗಿತು. ಮೇಲಿನ ಭಾರಕ್ಕೆ ಚೌಕಟ್ಟು ಕುಗ್ಗುತ್ತಿತ್ತು. ಅವನು ಬಾಗಿಲು ಕಳಚಿ, ಮೇಲಂಚನ್ನು ಕೀಸುಳಿಯಿಂದ ಕೀಸಿ, ಮತ್ತೆ ಕೂಡಿಸಿದ. ಬಾಗಿಲು ಬೆಣ್ಣೆಯಂತೆ ಸರಿದಾಡಿತು. ಒಂದೊಂದು ಕೆಲಸವೂ ನೋಡಲು ಚೆಂದ, ಮುಟ್ಟಲು ಚೆಂದ. ಆದರೆ ಅವನು ಮುಚ್ಚುತ್ತಿದ್ದದ್ದು ಮನೆ ತನ್ನ ನೋವನ್ನು ಹೇಳಿಕೊಳ್ಳುತ್ತಿದ್ದ ಬಾಯಿಗಳನ್ನು. ಲಾರಿಯ ಸದ್ದಿಗೆ ಕಣ್ಣುಮುಚ್ಚಿ ಕಿವಿಗೊಡುತ್ತಿದ್ದ ಮನುಷ್ಯ ತನ್ನ ಮನೆಯ ಸದ್ದನ್ನು ಕೇಳಲಿಲ್ಲ. ಅದು ಯಾಕೆ ಹಾಗಾಯಿತೋ ನನಗೆ ಇಂದಿಗೂ ತಿಳಿದಿಲ್ಲ.

ಓಣಿಯ ತುದಿಗೆ ಗೌಂಡಿ ಮಾಬುಸಾಬನ ಮನೆ. ಮಾಳಿಗೆ ಕಟ್ಟುವುದು, ಬಿಚ್ಚುವುದು ಅವನ ವಂಶದ ಕೆಲಸ. ಇಬ್ಬರೂ ಗೆಳೆಯರು, ಮಾಬುಸಾಬನ ಹಳೆಯ ಮೋಟಾರ್ ಸೈಕಲ್ಲು ಓಡುತ್ತಿದ್ದದ್ದೇ ಯಮನೂರಪ್ಪನಿಂದ. ಒಂದು ಸಂಜೆ ಚಹಾ ಕುಡಿಯಲು ಬಂದವನು ಕಪ್ಪನ್ನು ಕೈಯಲ್ಲಿ ಹಿಡಿದು ಮೇಲೆ ನೋಡುತ್ತ ಕೂತ. ನಾನು ಆಗ ಮೂಲೆಯಲ್ಲಿ ಮಡಚಿ ಇದ್ದೆ.

"ಯಮನೂರಣ್ಣ, ತೊಲಿ ನಡುವ ಬಾಗೇತಲ್ಲ" ಎಂದ.

"ಅದು ಮೊದಲಿಂದನೂ ಹಂಗ ಐತಿ."

"ಇಲ್ಲಪ್ಪ. ನಾಳೆ ನಾ ಒಂದ ಸಲ ಮ್ಯಾಲೆ ಹತ್ತಿ ನೋಡ್ತೀನಿ. ಗ್ವಾಡ್ಯಾಗಿನ ತುದಿ ಕುಂಬಾಗಿ ಕೊಳತಿದ್ದರ ಕೆಳಗಿಂದ ಗೊತ್ತಾಗಂಗಿಲ್ಲ."

ಯಮನೂರಪ್ಪ ನಕ್ಕ. "ನಿನ್ನ ಗಾಡಿ ಕೆಟ್ಟರ ನಾ ನೋಡ್ತೀನಿ. ನನ್ನ ಮನಿ ಕೆಟ್ಟರೂ ನಾನ ನೋಡ್ತೀನಿ. ಚಾ ಆರತೈತಿ, ಕುಡಿ."

ಮಾಬುಸಾಬನೂ ನಕ್ಕು ಚಹಾ ಕುಡಿದ. ಅವನು ಹೋದ ಮೇಲೆ ಬಾಳವ್ವ ಮೆಲ್ಲಗೆ ಹೇಳಿದಳು: "ನೋಡ್ಲಿ ಬಿಡ್ರಿ. ಹತ್ತಿ ನೋಡಿದರ ಏನ್ ಹೋಗತೈತಿ?"

"ನನ್ನ ಕೈಲೆ ಆಗಂಗಿಲ್ಲಂತ ತಿಳದಿಯೇನು?" ಎಂದ ಅವನು. ದನಿ ಏರಿರಲಿಲ್ಲ. ಆದರೂ ಅವಳು ಆ ಮಾತು ಬಿಟ್ಟು ಸೂಜಿಗೆ ದಾರ ಪೋಣಿಸಿದಳು.

ಆ ವರ್ಷದ ಮೊದಲ ಮಳೆಗೆ ಮಾಳಿಗೆ ಸೋರಿತು. ಆಗ ಯಮನೂರಪ್ಪನಿಗೆ ನನ್ನ ನೆನಪಾಯಿತು. ನನ್ನನ್ನು ಹೆಗಲ ಮೇಲೆ ಹೊತ್ತು ಮೇಲೆ ಹತ್ತಿದ. ಬೆಳಕಿಂಡಿಯೊಂದನ್ನು ಬಿಟ್ಟು ಉಳಿದ ಕಡೆಯೆಲ್ಲ ಹರವಿದ. ಅಂಚಿಗೆ ಕಲ್ಲು ಹೇರಿ, ಕಣ್ಣುಗಳಿಗೆ ಹಗ್ಗ ಕಟ್ಟಿದ. ಮರುದಿನ ಸುರಿದ ಮಳೆಯಲ್ಲಿ ಒಂದು ಹನಿಯೂ ಒಳಗೆ ಇಳಿಯಲಿಲ್ಲ.

"ನೋಡಿದಿಲ್ಲ?" ಎಂದು ಕೆಳಗಿನಿಂದ ಅವನ ದನಿ ಕೇಳಿಸಿತು.

"ಹೌದ್ರಿ, ನಿಂತೈತಿ" ಎಂದಳು ಬಾಳವ್ವ.

ನನಗೆ ಎಷ್ಟು ಸಂತೋಷವಾಯಿತೆಂದರೆ, ವಿರೂಪಣ್ಣನ ಲಾರಿಯ ಮೇಲೆ ಊರೂರು ಸುತ್ತಿದಾಗಲೂ ಅಷ್ಟು ಆಗಿರಲಿಲ್ಲ.

ಆದರೆ ಮೇಲೆ ಮಲಗಿದ್ದ ನನಗೆ ಕೆಳಗಿದ್ದವರಿಗೆ ತಿಳಿಯದ್ದು ಮೈಗೆ ತಾಗುತ್ತಿತ್ತು. ನನ್ನಡಿಯ ಮಣ್ಣು ಮೊದಲೇ ತೊಯ್ದಿತ್ತು. ಬಿಸಿಲು ಬಿದ್ದರೆ ಒಣಗುತ್ತಿದ್ದ ಆ ಮಣ್ಣು ನಾನು ಹೊದ್ದಿದ್ದರಿಂದ ಒಣಗಲೇ ಇಲ್ಲ. ಹಸಿಯಲ್ಲಿ ಗೆದ್ದಲು ಹೆಚ್ಚಿತು. ಮುಂದಿನ ಮಳೆಗಾಲಕ್ಕೆ ನನ್ನ ಅಂಚಿನಿಂದ ನುಗ್ಗಿದ ನೀರು ಗೋಡೆಯ ಪಕ್ಕ ಇಳಿಯತೊಡಗಿತು. ಯಮನೂರಪ್ಪ ಕೆರೆಯ ಅಂಗಳದಿಂದ ಜಿಗುಟು ಮಣ್ಣು ತಂದು ಅಲ್ಲಿ ಸುರಿದು ತುಳಿದ. ಮತ್ತೊಂದು ಕಡೆ ಸೋರಿತು. ಅಲ್ಲೂ ಸುರಿದ. ಬುಟ್ಟಿ ಬುಟ್ಟಿ ಮಣ್ಣು. ಅವನ ಪಾದ ನನ್ನ ಮೇಲೆ ಬಿದ್ದಾಗಲೆಲ್ಲ ಕೆಳಗೆ ತೊಲೆ ನರಳುತ್ತಿತ್ತು. ಆ ನಡುಕ ನನ್ನ ನೂಲುನೂಲಿಗೂ ತಲುಪುತ್ತಿತ್ತು. ಹೇಳಲು ನನಗೆ ಬಾಯಿ ಎಲ್ಲಿದೆ?

ಶ್ರಾವಣದ ಜಡಿಮಳೆ ಒಂದು ವಾರ ಬಿಡದೆ ಹಿಡಿಯಿತು. ಕಡೆಗೆ ಒಂದು ಮಧ್ಯಾಹ್ನ ಮೋಡ ಚದುರಿ ಹೊಳೆಯುವ ಬಿಸಿಲು ಬಿತ್ತು. ಓಣಿಯವರು ಹಾಸಿಗೆ ಹೊರಗೆ ಹಾಕಿದರು. ಮಳೆ ನಿಂತಿತು, ಇನ್ನು ಹೆದರಿಕೆ ಇಲ್ಲ ಎಂದು ಎಲ್ಲರೂ ತಿಳಿದರು. ನೆನೆದ ಮಣ್ಣಿನ ಮಾಳಿಗೆಗೆ ಅದೇ ಕೆಟ್ಟ ಹೊತ್ತು: ಗೋಡೆ ಒಣಗಿ ಬಿರಿಯುತ್ತದೆ, ಮೇಲಿನ ಹಸಿ ಭಾರ ಇಳಿದಿರುವುದಿಲ್ಲ.

ನಡುಮನೆಯ ಬಾಗಿಲು ಮತ್ತೆ ಸಿಕ್ಕಿಕೊಂಡಿತ್ತು. ಯಮನೂರಪ್ಪ ಅದನ್ನು ಕಳಚಿ ಅಂಗಳಕ್ಕೆ ತಂದು ಕೀಸುತ್ತಿದ್ದ. ಬಾಳವ್ವ ಒಳಗೆ ಬೆಳಕಿಂಡಿಯ ಕೆಳಗೆ ಕೂತು, ಮಳೆಯಿಂದಾಗಿ ನಿಂತಿದ್ದ ಕೌದಿಯ ಕೆಲಸ ಮುಂದುವರಿಸಿದ್ದಳು. ಆಗ ಗೋಡೆಯೊಳಗಿನಿಂದ ಒಂದು ಸದ್ದು ಬಂತು. ದೊಡ್ಡದಲ್ಲ, ಕಬ್ಬು ಮುರಿದಂಥ ಸದ್ದು.

ಯಮನೂರಪ್ಪನ ಕೈ ನಿಂತಿತು. ತಲೆ ವಾಲಿಸಿದ. ಈ ಸಲ ಅವನು ಕೇಳಿದ. ಕೇಳಿದ ಕ್ಷಣದಲ್ಲೇ ಅವನಿಗೆ ಎಲ್ಲವೂ ತಿಳಿಯಿತು ಎಂದು ನಾನು ಬಲ್ಲೆ, ಯಾಕೆಂದರೆ ಕೀಸುಳಿ ಅವನ ಕೈಯಿಂದ ಜಾರಿಬಿತ್ತು.

"ಬಾಳವ್ವಾ, ಹೊರಗ ಬಾ."

"ಬಂದೆ, ಇದೊಂದ ಸುತ್ತಿಡ್ತೀನಿ" ಎಂದಳು ಅವಳು. ಯಾರದೋ ತಾಯಿಯ ಸೀರೆಗಳಿಂದ ಹೊಲಿಯುತ್ತಿದ್ದ ಕೌದಿ ಅದು. ನೆಲದ ಮೇಲೆ ಬಿಟ್ಟು ಬರಲು ಅವಳಿಗೆ ಮನಸ್ಸಾಗಲಿಲ್ಲ.

ನಾನು ಮಣ್ಣಿನೊಂದಿಗೆ ಕೆಳಗೆ ಬಂದೆ.

ಓಣಿಯವರೆಲ್ಲ ಓಡಿ ಬಂದರು. ಮಾಬುಸಾಬ ಎಲ್ಲರನ್ನೂ ಹಿಂದಕ್ಕೆ ಸರಿಸಿ, ಯಾವ ಜಂತಿಯನ್ನು ಮೊದಲು ಎತ್ತಬೇಕು ಎಂದು ತೋರಿಸುತ್ತ ಹೋದ. ಯಮನೂರಪ್ಪ ಬರಿಗೈಯಲ್ಲಿ ಮಣ್ಣು ತೋಡಿದ. ನನ್ನ ಒಂದು ಮಡಿಕೆ ಅವಳ ತಲೆಯ ಮೇಲೆ ಬಿದ್ದು, ಮಣ್ಣು ಮುಖ ಮುಚ್ಚದಂತೆ ತಡೆದಿತ್ತು. ತಾಡಪತ್ರಿ ಜೀವ ಉಳಿಸಿತು ಎಂದು ಜನ ಆಡಿಕೊಂಡರು. ಆ ಹೊಗಳಿಕೆ ನನಗೆ ಬೇಡ. ತೊಲೆ ಅವಳ ಸೊಂಟದ ಮೇಲೆ ಬಿದ್ದಿತ್ತು.

ಅವಳು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಬಹಳ ದಿನ ಇದ್ದಳು. ಆ ಹೊತ್ತಿನಲ್ಲಿ ಮಾಬುಸಾಬ ಹೊಸ ಮಾಳಿಗೆ ಹಾಕಿಕೊಟ್ಟ. ಹಳೆಯ ತೊಲೆಯನ್ನು ಅಂಗಳಕ್ಕೆ ಎಳೆದು ತಂದಾಗ ಯಮನೂರಪ್ಪ ಅದರ ತುದಿಯನ್ನು ಮುಟ್ಟಿ ನೋಡಿದ. ಗೋಡೆಯೊಳಗಿದ್ದ ಭಾಗ ಬೆರಳಿಗೆ ಹೊಟ್ಟಿನಂತೆ ಉದುರಿತು.

"ಮಾಬು, ಅವತ್ತ ನೀ ಹತ್ತಿ ನೋಡಿದ್ದರ ಏನ್ ಮಾಡತಿದ್ದಿ?"

ಮಾಬುಸಾಬ ಜಂತಿ ಎತ್ತಿಡುವ ನೆಪ ಮಾಡಿ ಆ ಕಡೆ ಸರಿದ. ಯಮನೂರಪ್ಪ ಬಿಡದಿದ್ದಾಗ ಹೇಳಿದ.

"ಮ್ಯಾಲಿನ ಮಣ್ಣ ಇಳಸತಿದ್ದೆ. ಈ ತುದಿಗೆ ಒಂದ ಕಂಬ ಕೊಡತಿದ್ದೆ. ಮಳಿಗಾಲ ಮುಗದ ಮ್ಯಾಲೆ ತೊಲಿ ಬದಲಿ."

"ಅಷ್ಟನ?"

"ಅಷ್ಟನ ಅಣ್ಣ."

ಯಮನೂರಪ್ಪ ಕೈಗೆ ಅಂಟಿದ ಹೊಟ್ಟನ್ನು ಒರೆಸಿಕೊಳ್ಳಲೂ ಇಲ್ಲ.

ಬಾಳವ್ವ ಕೋಲೂರಿಕೊಂಡು ಮನೆಗೆ ಬಂದಳು. ಎಡಗಾಲು ಎಳೆಯುತ್ತಿತ್ತು. ನೆಲದ ಮೇಲೆ ಕೂತು ಕೌದಿ ಹೊಲಿಯುವುದು ಇನ್ನು ಆಗದ ಮಾತು. ಅವಳು ಬೈಯಲಿ ಎಂದು ಯಮನೂರಪ್ಪ ಕಾಯುತ್ತಿದ್ದ. ಅವಳು ಬೈಯಲಿಲ್ಲ. ಅಂಗಳದಲ್ಲಿ ಕಟ್ಟಿಗೆಯ ಒಟ್ಟಿಲಿಗೆ ನನ್ನನ್ನು ಹೊದಿಸಿದ್ದರು. ಅದರ ಪಕ್ಕ ಕುರ್ಚಿ ಹಾಕಿಕೊಂಡು ಅವಳು ಬಿಸಿಲು ಕಾಯಿಸಿಕೊಳ್ಳುತ್ತಿದ್ದಾಗ ಅವನೇ ಬಾಯಿಬಿಟ್ಟ.

"ಏನರ ಅನ್ನು ನನಗ. ಸುಮ್ಮನ ಇರಬ್ಯಾಡ."

ಅವಳು ಕೋಲನ್ನು ಕುರ್ಚಿಗೆ ಒರಗಿಸಿದಳು. "ನಂದೂ ತಪ್ಪೈತ್ರಿ. ನಾ ಇನ್ನೊಮ್ಮೆ ಹೇಳಬೇಕಿತ್ತು. ನಿಮಗ ಬ್ಯಾಸರಾಗತೈತಂತ ಬಿಟ್ಟೆ."

ಅದಕ್ಕಿಂತ ಅವಳು ಕೋಲಿನಿಂದ ಹೊಡೆದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಅವನು ನನಗೆ ಬೆನ್ನು ಆನಿಸಿ ಕೂತ. ಲಾರಿಯ ಕೆಳಗೆ ನಾನು ಅಷ್ಟು ವರ್ಷ ಹೊತ್ತ ಬೆನ್ನು ಅದು. ಈ ಸಲ ಅದು ಸಡಿಲಾಗಲಿಲ್ಲ.

ಈಗ ನನಗೆ ವಯಸ್ಸಾಗಿದೆ. ಮೇಣ ಕರಗಿಹೋಗಿದೆ, ಹಸಿರು ಮಾಸಿ ಬೂದಿಯಾಗಿದೆ, ಕಣ್ಣುಗಳು ಕಿತ್ತುಹೋಗಿವೆ. ಕಟ್ಟಿಗೆಯ ಮೇಲೆಯೇ ನನ್ನ ವಾಸ. ಕಳೆದ ಮಳೆಗಾಲದಲ್ಲಿ ಎದುರು ಮನೆಯ ಚಂಬಣ್ಣ ನನ್ನನ್ನು ಕೇಳಿಕೊಂಡು ಬಂದ.

"ಮಿಸ್ತ್ರಿ, ಮಾಳಿಗಿ ಸೋರಾಕತ್ತೈತಿ. ಈ ತಾಡಪತ್ರಿ ಕೊಡು, ಈ ಮಳಿ ಮುಗಿಯೂತನಕ."

"ಕೊಡಂಗಿಲ್ಲ" ಎಂದ ಯಮನೂರಪ್ಪ.

"ಹರಕ ಬಟ್ಟಿಗೆ ಇಷ್ಟ ಯಾಕ? ಕಟಗಿ ತೊಯ್ದರ ನಾ ಕೊಡ್ತೀನಿ ತಗೋ."

"ಕಟಗಿ ಸಲುವಾಗಿ ಅಲ್ಲ. ಮಾಬುಸಾಬನ್ನ ಕರಿ."

ಚಂಬಣ್ಣ ಮುಖ ಗಂಟಿಕ್ಕಿಕೊಂಡು ಹೋದ. ಯಮನೂರಪ್ಪ ಚಪ್ಪಲಿ ಮೆಟ್ಟಿಕೊಂಡು ಓಣಿಯ ತುದಿಗೆ ನಡೆದ. ಸ್ವಲ್ಪ ಹೊತ್ತಿನಲ್ಲಿ ಮಾಬುಸಾಬನ ಕೈ ಹಿಡಿದು ಕರೆತಂದು ಚಂಬಣ್ಣನ ಬಾಗಿಲಲ್ಲಿ ನಿಲ್ಲಿಸಿದ. ಚಂಬಣ್ಣ ಗೌಂಡಿಯನ್ನು ಒಳಗೆ ಕರೆದ, ಇವನನ್ನು ಕರೆಯಲಿಲ್ಲ. ಮಾಬುಸಾಬ ಏಣಿ ಹತ್ತಿ ಮೇಲೆ ಕಾಣಿಸಿಕೊಳ್ಳುವ ತನಕ ಯಮನೂರಪ್ಪ ಓಣಿಯಲ್ಲೇ ಕತ್ತೆತ್ತಿ ನಿಂತಿದ್ದ. ಆಮೇಲೆ ತಿರುಗಿ ಬಂದ.

ಮಳೆಯನ್ನು ತಡೆಯಬಲ್ಲೆ ಎಂಬ ಜಂಬ ನನಗೂ ಇತ್ತು. ಹೊದಿಸುವುದು ಬೇರೆ, ವಾಸಿ ಮಾಡುವುದು ಬೇರೆ ಎಂದು ತಿಳಿಯುವ ಹೊತ್ತಿಗೆ ಒಂದು ಮನೆಯ ನಡುವೇ ಮುರಿದಿತ್ತು. ಕಟ್ಟಿಗೆ ಒಣಗಿಡಲು ನಾನು ಸಾಕು. ಜನ ಬದುಕುವ ಮನೆಗೆ ನಾನು ಯಾವತ್ತೂ ಸಾಕಾಗುವವನಲ್ಲ.

ಈಗ ಸಣ್ಣಗೆ ಹನಿಯುತ್ತಿದೆ. ಮಾಬುಸಾಬ ಹಾಕಿದ ಮಾಳಿಗೆ ಗಟ್ಟಿಯಾಗಿದೆ, ಎಲ್ಲಿಯೂ ಸೋರುವುದಿಲ್ಲ. ಆದರೂ ಮೊದಲ ಹನಿಗೇ ಯಮನೂರಪ್ಪ ಊಟದ ತಾಟು ಬಿಟ್ಟು ಎದ್ದಿದ್ದಾನೆ. ನಡುಮನೆಯಲ್ಲಿ ತಲೆ ವಾಲಿಸಿ ನಿಂತು ಮೇಲೆ ಕೇಳುತ್ತಿದ್ದಾನೆ.

"ಏನೂ ಇಲ್ಲ, ಕುಂದರ್‍ರಿ. ಉಣ್ರಿ" ಎನ್ನುತ್ತಿದ್ದಾಳೆ ಬಾಳವ್ವ.

ಅವನು ಕೂರುವುದಿಲ್ಲ. ಮಳೆ ನಿಲ್ಲುವ ತನಕ ಹಾಗೆಯೇ ನಿಂತಿರುತ್ತಾನೆ.