ಬಿಚ್ಚದ ಬುತ್ತಿ

ಅವ್ವನ ಮುಂಗೈ ಮೇಲೆ ನೀಲಿ ರಕ್ತನಾಳ, ಬಸ್ಸಿನ ಕಂಬಿ ಹಿಡಿದಾಗ ಅದು ಹೀಗೆ ಎದ್ದು ಕಾಣುತ್ತಿರಲಿಲ್ಲ, ಹೋದ ತಿಂಗಳು ಮಾಂಸದಲ್ಲಿ ಮುಚ್ಚಿತ್ತು — ಸುಮಾ ಲೆಕ್ಕ ಹಾಕುತ್ತಾಳೆ, ಇಪ್ಪತ್ತೊಂದು ದಿನ, ನಾಲ್ಕು ಕಿಲೋ, ಬಾಗಲಕೋಟೆಯ ಡಾಕ್ಟರು ತೂಕ ನೋಡಿ ಪೆನ್ನು ಕೆಳಗಿಟ್ಟಿದ್ದರು, ಇಷ್ಟ ಇಳಿದ್ರ ಕ್ಯಾನ್ಸರಿನ ಔಷಧ ಏರಸಾಕ ಬರೂದಿಲ್ಲರಿ, ಉಣಿಸಿ ಮುಂದಿನ ವಾರ ಕರ್ಕೊಂಡ ಬರ್ರಿ, ಮತ್ತೂ ಇಳಿದರೆ? ಅಮೀನಗಡದಲ್ಲಿ ಬಸ್ಸು ನಿಂತಿದೆ, ಹುರಿದ ಅಂಟಿನ, ಬೆಲ್ಲದ ವಾಸನೆ, ಕರದಂಟು ತರ್ಲೇನ ಬೇ, ಬ್ಯಾಡ ಸುಮಿ, ಹೊಟ್ಟಿ ತುಂಬೇತಿ — ಯಾವುದರಿಂದ ತುಂಬಿದೆ, ನೀರಿನ ಬಾಟಲಿಗೆಂದು ಅವ್ವನ ಚೀಲಕ್ಕೆ ಕೈಹಾಕಿದರೆ ಬೆಳಿಗ್ಗೆ ಕಟ್ಟಿಕೊಟ್ಟ ಬುತ್ತಿ, ಬಿಚ್ಚಿಯೇ ಇಲ್ಲ, ಮೂರೂ ರೊಟ್ಟಿ, ಪುಂಡಿಪಲ್ಯ, ಅದರ ಕೆಳಗೆ ಕಾಗದದಲ್ಲಿ ನಿನ್ನೆಯವು, ಇದೇನವ್ವಾ, ಅವ್ವ ಮುತ್ತವ್ವ ಕಿಟಕಿಯ ಕಡೆ ತಿರುಗಿ ನಗುತ್ತಾಳೆ, ಕಳ್ಳಿ ಸಿಕ್ಕೊಂಡ್ಲು ನೋಡು, ಎಲ್ಲ್ಯಾರ ಆಕಳಿಗೆ ಹಾಕೂಣಂತ ಇಟ್ಟಿದ್ದೆ, ಗಂಟಿಂದು ನೀನ ಹೇಳಿದ್ದಿಯಲ್ಲ — ಹೇಳಿದ್ದೆ, ಹೌದು, ಇಳಕಲ್ಲಿನ ಮನೆಯಲ್ಲಿ ಮಗ್ಗದ ಪಕ್ಕ ಕೂತು, ಬಿ.ಎಸ್ಸಿ. ಓದಿದ ಹೆಮ್ಮೆಯಲ್ಲಿ, ಒಂದಾದ ಮೇಲೊಂದು, ಅವ್ವನ ಎದೆಯ ಕ್ಯಾನ್ಸರ್ ಗಂಟಿನ ಕೋಶಗಳು ಕಣ್ಣಿಗೆ ಕಾಣದ ಚೀಲಗಳನ್ನು ಹೊರಗೆ ಬಿಡುತ್ತವೆ, ಚೀಲದೊಳಗೆ ಸಂದೇಶ, ಪಕ್ಕದ ರಕ್ತನಾಳ ಅದನ್ನು ಒಳಗೆಳೆದುಕೊಂಡು ಗಂಟಿನ ಕಡೆಗೆ ಹೊಸ ಕವಲು ಚಾಚುತ್ತದೆ, ಆ ಕವಲಿನಿಂದ ಗಂಟಿಗೆ ಊಟ. ಅವ್ವ ಲಾಳಿ ನಿಲ್ಲಿಸಿದ್ದಳು, ಅಂದ್ರ ನಾ ಉಂಡದ್ದ ಅದು ಉಣ್ತೈತಿ? ಹೂಂ ಅಂದಿದ್ದಳು ಸುಮಾ, ಅಷ್ಟೇ, ಪರೀಕ್ಷೆಯಲ್ಲಾದರೆ ಪೂರ್ಣ ಅಂಕ. ನಲವತ್ತು ವರ್ಷ ನೇಯ್ದವಳಿಗೆ ಅಷ್ಟು ಸಾಕಾಯಿತು, ಈಗ ಬಸ್ಸಿನಲ್ಲಿ ಹೇಳುತ್ತಾಳೆ, ಲಾಳಿಯೊಳಗ ನೂಲು ಸುತ್ತಿದ ಕಂಡಿಕಿ ಖಾಲಿ ಆದ್ರ ಎಷ್ಟ ಓಡಿಸಿದ್ರೂ ಸೀರಿ ಬೆಳಿಯೂದಿಲ್ಲ ಸುಮಿ, ಅದಕ್ಕ ನಾ ನೂಲ ಬಂದ್ ಮಾಡೇನಿ, ಹಸಿವು ಭಾಳ ಆಗ್ತೈತಿ ಖರೆ, ಆದ್ರ ಅದಕ್ಕೂ ಆಗ್ತಿರಬೇಕಲ್ಲ — ಇಲ್ಲ ಬೇ, ನೀ ಉಣ್ಣದಿದ್ರ ಅದು ನಿನ್ನ ಮೈಯಾಗಿಂದ ಎಳಕೋತೈತಿ, ನೇಯ್ದ ಬಟ್ಟಿಯಿಂದ ಎಳಿ ಕಿತ್ತಂಗ, ಸೊರಗೂದು ಅದಲ್ಲ, ನೀನು. ಮುತ್ತವ್ವನ ನಗೆ ನಿಂತಿತು, ಹಂಗಾದ್ರ ಇದನ್ನ ಯಾಕ ಮೊದಲ ಹೇಳಲಿಲ್ಲ? ಯಾಕೆ ಹೇಳಲಿಲ್ಲ, ಚೀಲದ್ದು ಹೇಳಿದೆ, ಸಂದೇಶದ್ದು ಹೇಳಿದೆ, ಕವಲಿನದು ಹೇಳಿದೆ, ಉಣ್ಣು ಎಂದು ಹೇಳಲಿಲ್ಲ — ಸುಮಾ ರೊಟ್ಟಿ ಮುರಿದು ಹಿಡಿದಿದ್ದಾಳೆ, ಬಸ್ಸು ಕುಲುಕಿ ಹೊರಟಿದೆ, ಕಂಬಿ ಬಿಟ್ಟ ಅವ್ವನ ಕೈ ಬರುತ್ತಿದೆ, ತಡೆದು ನಿಲ್ಲುತ್ತಿದೆ, ಬರುತ್ತಿದೆ, ಮುಂಗೈ ಮೇಲೆ ನೀಲಿ ರಕ್ತನಾಳ, ತುತ್ತಿನ ಕಡೆಗೆ ಚಾಚಿದ ಒಂದೇ ಒಂದು ನೀಲಿ ಕವಲು